ಎಂಟು ತಿಂಗಳ ಟಯರು

ಟಯರು ಆರಿಸಲು ನನ್ನನ್ನು ಕರೆದದ್ದು ನಾನು ಬಿ.ಎಸ್ಸಿ. ಪಾಸಾಗಿದ್ದೆ ಎಂಬ ಒಂದೇ ಕಾರಣಕ್ಕೆ. ಆವತ್ತಿನವರೆಗೆ ನಾನು ಸ್ಟಿಯರಿಂಗ್ ಹಿಡಿದವನಲ್ಲ. ಇವತ್ತಿಗೂ ಹಿಡಿದಿಲ್ಲ.

ಎಂಬತ್ತರ ದಶಕದ ಮಾತು. ಮುಂಬಯಿ ಕಡೆ, ಠಾಣೆ ಪಕ್ಕದ ಕಳವಾ ಎಂಬ ಊರಿನಲ್ಲಿ, ನಮ್ಮ ಚಾಳಿನ ಸಾಲುಮನೆಗಳಿಗೆಲ್ಲ ನಾನೇ ಮೊದಲ ಪದವೀಧರ. ಮನೆತನಕ್ಕಂತೂ ಸರಿಯೇ ಸರಿ. ಅಪ್ಪ ವಿಜಾಪುರದ ಕಡೆಯಿಂದ ಬಂದು, ರೈಲ್ವೆ ಶೆಡ್ಡಿನಲ್ಲಿ ಡಬ್ಬಿಗಳ ಕೆಳಗೆ ಅಂಗಾತ ಮಲಗಿ ಗ್ರೀಸು ಹಚ್ಚಿದವರು, ಹೆಬ್ಬೆಟ್ಟು ಒತ್ತಿ ಪಗಾರ ತೆಗೆದುಕೊಂಡವರು. ಅಂಥವರ ಮಗ ಕೆಮಿಸ್ಟ್ರಿಯಲ್ಲಿ ಸೆಕೆಂಡ್ ಕ್ಲಾಸು ತಂದ. ಈ ಮಾತು ಹೇಳುವಾಗ ಎದೆ ಈಗಲೂ ಸ್ವಲ್ಪ ಉಬ್ಬುತ್ತದೆ. ಉಬ್ಬಲಿ ಬಿಡಿ, ಕಷ್ಟಪಟ್ಟು ತಂದದ್ದು.

ಆದರೆ ಆ ಪದವಿಗೆ ಒಂದು ತೆರಿಗೆ ಇತ್ತು. ಚಾಳಿನಲ್ಲಿ ಯಾರು ಏನು ಕೊಳ್ಳಬೇಕಾದರೂ ನಾನು ಜೊತೆಗೆ ಹೋಗಬೇಕು. ಮಿಕ್ಸರ್, ಪ್ರೆಶರ್ ಕುಕ್ಕರ್, ಯಾರದೋ ಅಜ್ಜಿಯ ಕನ್ನಡಕ, ಕೆಮ್ಮಿನ ಬಾಟಲಿ. “ನೀ ಓದ್ದಾವ ಅದೀಯಪಾ, ಒಂದೀಟು ಬಂದು ನೋಡು.” ನಾನು ಹೋಗುತ್ತಿದ್ದೆ. ಡಬ್ಬದ ಮೇಲಿನ ಇಂಗ್ಲಿಷನ್ನು ಗಟ್ಟಿಯಾಗಿ ಓದಿ, ತಲೆಯಾಡಿಸಿ, “ಗಟ್ಟಿ ಐತಿ, ತೊಗೋರಿ” ಎನ್ನುತ್ತಿದ್ದೆ. ಅವರಿಗೆ ಅಷ್ಟು ಸಾಕು. ನನ್ನ ಕೆಲಸ ಬೇಲಾಪುರ ರಸ್ತೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ. ವಾರಕ್ಕೊಂದು ಪಾಳಿ. ನಿದ್ದೆ ಎನ್ನುವುದು ಎಂದೂ ತನ್ನ ಜಾಗದಲ್ಲಿ ಇರುತ್ತಿರಲಿಲ್ಲ. ಸಿಕ್ಕ ಭಾನುವಾರವೂ ಬೇರೆಯವರ ಚೀಲ ಹಿಡಿದು ಬಜಾರದಲ್ಲಿ ಮುಗಿಯುತ್ತಿತ್ತು.

ಈ ಸಲ ಕರೆದವರು ಸ್ಟೇಷನ್ ಪಕ್ಕದ ಸಸ್ಯಾಹಾರಿ ಹೋಟೆಲಿನ ಮಾಲೀಕರು. ಉಡುಪಿ ಕಡೆಯವರು, ಎಲ್ಲರಿಗೂ ಅಣ್ಣ. ಅವರಿಗೆ ಇಲ್ಲ ಎನ್ನುವ ಬಾಯಿ ನನಗಿರಲಿಲ್ಲ. ಏಳು ಜನರಿದ್ದ ನಮ್ಮ ಖೋಲಿಯಲ್ಲಿ ಪುಸ್ತಕ ಬಿಚ್ಚಲು ಜಾಗವಿರಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೋಟೆಲಿನ ಮೂಲೆಯ ಮೇಜು, ಅದರ ಮೇಲಿನ ಫ್ಯಾನು, ಎರಡನ್ನೂ ಅಣ್ಣ ನನಗೆ ಬಿಟ್ಟುಕೊಟ್ಟಿದ್ದರು. ಕೇಳದೆಯೇ ಚಹಾ ಬರುತ್ತಿತ್ತು. ನಾನು ಪಾಸಾಗುವ ಮೊದಲೇ ಅವರು ನನ್ನನ್ನು ‘ಬಿಎಸ್ಸಿ’ ಎಂದು ಕರೆಯಲು ಶುರುಮಾಡಿದ್ದರು.

ನವರಾತ್ರಿಯ ಭಾನುವಾರ. ರಾತ್ರಿಪಾಳಿ ಮುಗಿಸಿ, ಉಗುರಿನ ಸಂದಿಯ ಹಳದಿ ಬಣ್ಣದ ಸಮೇತ ಇಡ್ಲಿಗೆ ಕೂತಿದ್ದೆ.

“ಏ ಬಿಎಸ್ಸಿ, ನಿದ್ರೆ ಆಮೇಲೆ ಮಾಡುವಿಯಂತೆ. ಠಾಣೆಗೆ ಹೋಗಿ ಬರುವ. ಟಯರ್ ನೋಡ್ಲಿಕ್ಕುಂಟು.”

“ಅಣ್ಣಾ, ಟಯರಿಂದು ನನಗೇನ್ ತಿಳೀತೈತ್ರಿ?”

“ರಬ್ಬರ್ ಅಂದ್ರೆ ಕೆಮಿಸ್ಟ್ರಿಯೇ ಅಲ್ವಾ ಮಾರಾಯ?”

ಹೌದು, ಕೆಮಿಸ್ಟ್ರಿಯೇ.

ಕಾರು ಅಣ್ಣನ ಮಗಳದು. ಅವಳು ನೆರೂಳದ ಹೊಸ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಆಗ ನೆರೂಳಕ್ಕೆ ರೈಲು ಇರಲಿಲ್ಲ. ಡೊಂಬಿವಲಿಯ ಮನೆಯಿಂದ ಲೋಕಲ್ ಹಿಡಿದು ಠಾಣೆ, ಅಲ್ಲಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಕಾಲೇಜು. ಅದು ಸಾಕಾಗಿ ಮುಂಬಯಿಯ ವಕೀಲರೊಬ್ಬರಿಂದ ಹಳೆಯ ಕಾರು ಕೊಂಡಳು. ಕೆಂಪು ಬಣ್ಣ, ಎರಡೇ ಬಾಗಿಲು, ಕಪ್ಪೆಯಂತೆ ನೆಲಕ್ಕೆ ಅಂಟಿದ ಸ್ಪೋರ್ಟ್ಸ್ ಕಾರು. ಬೆಳಿಗ್ಗೆ ಶೀಳಫಾಟಾ, ಮುಂಬ್ರಾ ಹಾದು ಬಂದು, ಅಪ್ಪನನ್ನು ಕಳವಾದಲ್ಲಿ ಇಳಿಸಿ ಅವಳು ಮುಂದೆ ಹೋಗುವಳು. ಜೀವಮಾನವೆಲ್ಲ ಲೋಕಲ್ಲಿನಲ್ಲಿ ನಿಂತು ಬಂದ ಅಣ್ಣ ಕಾರಿನಿಂದ ಇಳಿಯುವಾಗ ಮುಖ ಸಿಂಡರಿಸುತ್ತಿದ್ದರು. “ಎಂತ ಕಾರು ಇದು, ಚಾಪೆ ಮೇಲೆ ಕೂತ ಹಾಗೆ.”

ಜನವರಿಯಲ್ಲಿ ಘಾಟ್ ಹತ್ತುವ ಕಾರುಗಳ ಸ್ಪರ್ಧೆಯೊಂದಿತ್ತು. ಅವಳು ಹೆಸರು ಕೊಟ್ಟಿದ್ದಳು. ಹಳೆಯ ಟಯರುಗಳು ಬೋಳಾಗಿದ್ದವು, ಹೊಸವು ಬೇಕು. ಅವಳು ಠಾಣೆಯ ಅಂಗಡಿಯಲ್ಲಿ ಯಾರೋ ಗಲ್ಫಿನಿಂದ ತಂದ ಅಗಲ ಟಯರು ನೋಡಿಟ್ಟಿದ್ದಳು. ಅಣ್ಣನಿಗೆ ಅದರ ನುಣ್ಣನೆಯ ಮೈ ನೋಡಿಯೇ ಜೀವ ಹಾರಿತ್ತು. ಹಿಂದಿನ ಮಳೆಗಾಲದಲ್ಲಿ, ಮುಂಬ್ರಾ ಗುಡ್ಡದ ನೀರು ರಸ್ತೆಗೆ ಅಡ್ಡ ಹರಿಯುವ ಕಡೆ, ಅವರಿಬ್ಬರೂ ಕೂತಿದ್ದ ಕಾರು ಪಕ್ಕಕ್ಕೆ ಜಾರಿಹೋಗಿತ್ತು. ಅಂದೇ ಅವರು ಹೇಳಿಬಿಟ್ಟಿದ್ದರು: ಮಳೆಗೆ ಆಗುವ ಟಯರು ಹಾಕಿಸಬೇಕು, ಇಲ್ಲವಾದರೆ ಕಾರು ಮಾರಬೇಕು. ಕಲ್ಯಾಣದ ಬಟ್ಟೆ ವ್ಯಾಪಾರಿಯೊಬ್ಬ ಬಂದು ನೋಡಿಕೊಂಡೂ ಹೋಗಿದ್ದ. ಜಗಳ ಹರಿಯದೆ, ಕೊನೆಗೆ ಅಪ್ಪ ಮಗಳು ಒಂದಕ್ಕೆ ಒಪ್ಪಿದ್ದರು. ಬಿಎಸ್ಸಿ ಹೇಳಿದ್ದೇ ಕೊನೆ, ಆಯುಧಪೂಜೆಯ ಒಳಗೆ.

ಅಂದರೆ ಆ ಕಾರು ಅವಳ ಹತ್ತಿರ ಉಳಿಯಬೇಕೋ ಹೋಗಬೇಕೋ ಎನ್ನುವುದು ನಿದ್ದೆಗೆಟ್ಟ ನನ್ನ ಬಾಯಿಗೆ ಬಂದು ನಿಂತಿತ್ತು.

ಹಿಂದಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತೆ. ಖಾಡಿಯ ಹಿನ್ನೀರಿನ ಸೇತುವೆ ಬರುವಷ್ಟರಲ್ಲಿ ರೆಪ್ಪೆ ಮುಚ್ಚುತ್ತಿದ್ದವು. ಸ್ಟಿಯರಿಂಗ್ ಹಿಡಿದಿದ್ದ ಮಗಳು ಇಲ್ಲಿಯೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

“ದಾದಾ, ಸಚ್ ಬೋಲ್ನಾ. ಪಪ್ಪಾ ಕೋ ಖುಷ್ ಕರ್ನೇ ಕೇ ಲಿಯೇ ಮತ್ ಬೋಲ್ನಾ.” ಅಪ್ಪನ ಖುಷಿಗೆಂದು ಹೇಳಬೇಡ, ನಿಜ ಹೇಳು ಎಂದು ನನಗೆ ತಾಕೀತು.

“ನೀನು ಸುಮ್ಮನೆ ರೋಡು ನೋಡು,” ಅಂದರು ಅಣ್ಣ.

“ರೋಡ್ ಹೀ ದೇಖ್ ರಹೀ ಹೂಂ. ಆಪ್ ಬ್ರೇಕ್ ಮತ್ ದಬಾವೋ.”

ಬಗ್ಗಿ ನೋಡಿದೆ. ಅಣ್ಣನ ಬಲಗಾಲು ಇಲ್ಲದ ಬ್ರೇಕನ್ನು ನೆಲಕ್ಕೆ ಒತ್ತಿ ಹಿಡಿದಿತ್ತು.

ಅಂಗಡಿಯವನು ಎರಡನ್ನೂ ಹೊರಗೆ ಉರುಳಿಸಿಕೊಂಡು ಬಂದ. ಒಂದಕ್ಕೆ ಅವನಿಟ್ಟ ಹೆಸರು ‘ಬಾರಾ ಮಹೀನೇವಾಲಾ’. ಹನ್ನೆರಡು ತಿಂಗಳೂ ನಡೆಯುವಂಥದು, ಆಳವಾದ ಗೆರೆಗಳು, ಕಲ್ಲಿನಂಥ ಮೈ. ಇನ್ನೊಂದು ಅಗಲ, ಗೆರೆ ಕಡಿಮೆ, ಪಕ್ಕದಲ್ಲಿ ಪರ್ಫಾರ್ಮೆನ್ಸ್ ಎಂದು ಉಬ್ಬಕ್ಷರ. “ಯೇ ರೋಡ್ ಕೋ ಛೋಡ್ತಾ ಹೀ ನಹೀಂ,” ರಸ್ತೆಯನ್ನು ಬಿಡುವುದೇ ಇಲ್ಲ ಎಂದು ಅದರ ಬೆನ್ನು ತಟ್ಟಿದ. ನಾನು ಹೆಬ್ಬೆರಳ ಉಗುರು ಒತ್ತಿದೆ. ಮೊದಲನೆಯದು ಗುರುತೇ ತೆಗೆದುಕೊಳ್ಳಲಿಲ್ಲ. ಎರಡನೆಯದು ಗುರುತು ಹಿಡಿದು, ನಿಧಾನಕ್ಕೆ ಬಿಟ್ಟಿತು. ಮೆದು. ಬಿಸಿಯಾದಷ್ಟೂ ರಸ್ತೆಗೆ ಅಂಟುತ್ತದೆ, ಹಾಗೆಯೇ ಬೇಗ ಸವೆಯುತ್ತದೆ. ರಬ್ಬರಿನ ಆ ಪಾಠವನ್ನು ನಾನು ಓದಿದ್ದು ಅಣ್ಣನ ಮೂಲೆಯ ಮೇಜಿನ ಮೇಲೆಯೇ. ಇನ್ನು ಗೆರೆಗಳು ಇರುವುದು ನೀರಿಗೆ ದಾರಿ ಬಿಡಲಿಕ್ಕೆ. ದಾರಿ ಸಿಗದ ನೀರು ಟಯರನ್ನೇ ಎತ್ತಿ ತೇಲಿಸುತ್ತದೆ. ಇದಕ್ಕೆ ಬಿ.ಎಸ್ಸಿ. ಬೇಕಿಲ್ಲ, ಒದ್ದೆ ಬಚ್ಚಲಿನಲ್ಲಿ ಸವೆದ ಚಪ್ಪಲಿ ಹಾಕಿದ್ದರೆ ಸಾಕು.

“ಹೇಳು ಮಾರಾಯ. ಯಾವುದು ಒಳ್ಳೇದು?”

ಎರಡೂ ಥರದ ಟಯರು ಕೊಳ್ಳುವುದು ಲೆಕ್ಚರರ ಸಂಬಳದ ಮಾತಲ್ಲ. ಒಂದೇ ಆಗಬೇಕು. ‘ಬಾರಾ ಮಹೀನೇವಾಲಾ’ ಅಂದುಬಿಟ್ಟರೆ ನಾನು ಮನೆಗೆ ಹೋಗಿ ಮಲಗಬಹುದಿತ್ತು. ಕಾರು ಉಳಿಯುತ್ತಿತ್ತು, ಸ್ಪರ್ಧೆ ಹೋಗುತ್ತಿತ್ತು, ನನ್ನನ್ನು ಯಾರೂ ಬೈಯುತ್ತಿರಲಿಲ್ಲ. ಎಲ್ಲರಿಗೂ ಎಲ್ಲದಕ್ಕೂ ನಾನು ಕೊಡುತ್ತ ಬಂದ ಉತ್ತರವೂ ಅದೇ: ಗಟ್ಟಿ ಐತಿ, ಬಾಳಿಕೆ ಬರತೈತಿ. ನಾನೂ ಆ ಟಯರಿನ ಜಾತಿಯವನೇ. ಎಂ.ಎಸ್ಸಿ. ಮಾಡು ಅಂದಿದ್ದರು ಪ್ರೊಫೆಸರು. ಮನೆಯಲ್ಲಿ ತಂಗಿಯರಿದ್ದರು, ಮೊದಲು ಸಿಕ್ಕ ಕೆಲಸ ಹಿಡಿದೆ. ಯಾವ ಪಾಳಿ ಕೊಟ್ಟರೂ ನಡೆದೆ. ಅದಕ್ಕೆ ಬೇಸರವಿಲ್ಲ, ಮನೆ ನಡೆಯಿತು. ಆದರೆ ಇವರು ಕೇಳುತ್ತಿದ್ದುದು ನನ್ನ ಕೆಮಿಸ್ಟ್ರಿಯನ್ನು. ಅದರಲ್ಲಿ ಅರ್ಧ ಮಾತ್ರ ಹೇಳಲು ಬಾಯಿ ಬರಲಿಲ್ಲ.

“ಮಳ್ಯಾಗ ಈ ಅಗಲದ್ದು ಬ್ಯಾಡ್ರಿ. ಮುಂಬ್ರಾದ ನೀರಾಗ ಇದು ನಿಲ್ಲಂಗಿಲ್ಲ.”

ಅಣ್ಣ ತೊಡೆ ತಟ್ಟಿದರು. “ನೋಡು! ನಾನು ಹೇಳಲಿಲ್ವಾ?” ಮಗಳು ಮುಖ ತಿರುಗಿಸಿದಳು.

“ತಡೀರಿ ಅಣ್ಣಾ, ಮುಗಿದಿಲ್ಲ. ಒಣ ರೋಡಿನ್ಯಾಗ, ಘಾಟಿನ ತಿರುವಿನ್ಯಾಗ ಇದರಷ್ಟು ಛಲೋ ಹಿಡಿಯೂದು ಅದಲ್ಲ. ಬ್ರೇಕ್ ಹಾಕಿದ್ರ ಇದ ಮೊದಲು ನಿಲ್ಲತೈತಿ. ನಮ್ಮ ಕಡೆ ಎಂಟು ತಿಂಗಳು ಒಣ, ನಾಕು ತಿಂಗಳು ನೀರು. ಎಂಟು ತಿಂಗಳಿಗೆ ಇದು ಸರಿ. ನಾಕು ತಿಂಗಳು ಕಾರು ತಗೀಬಾರದು.”

“ಮತ್ಲಬ್?” ಎಂದಳು ಅವಳು.

“ಮಳಿ ಬೀಳೂದಕ್ಕಿಂತ ಮೊದಲ ಪ್ಲಾಸ್ಟಿಕ್ ಹೊದಿಸಿ ಕಟ್ಟೂದು. ಲೋಕಲ್, ಆಮ್ಯಾಲ ಬಸ್ಸು. ಗಣಪತಿ ಹೋಗಿ ನವರಾತ್ರಿ ಬರೂತನಕ. ಒಂದ ದಿನಾನೂ ಬಿಡದಂಗ.”

ಅಣ್ಣ ನಕ್ಕುಬಿಟ್ಟರು. “ಕಾರು ಹತ್ತಿದವರು ಲೋಕಲ್ಲಿಗೆ ವಾಪಸ್ ಹೋದದ್ದನ್ನು ನೀನು ಎಲ್ಲಿಯಾದ್ರೂ ನೋಡಿದ್ದೀಯಾ?”

ಅವಳು ಬಗ್ಗಿ ಅಗಲ ಟಯರಿನ ಮೇಲೆ ಕೈಯಿಟ್ಟಳು. ಆಮೇಲೆ, ಅವಳ ಬಾಯಲ್ಲಿ ನಾನು ಅಪರೂಪಕ್ಕೆ ಕೇಳಿದ ಕನ್ನಡ: “ನಾನು ಲೋಕಲ್‌ದಲ್ಲಿ ಹೋಗ್ತೇನೆ.”

“ಜೂನಿನಲ್ಲಿ ಇವಳು ಕಾರು ತೆಗೆದ್ರೆ?” ಅಣ್ಣ ಕೇಳಿದ್ದು ನನ್ನನ್ನು.

“ತಗದ್ರ ಮಾರಿಬಿಡ್ರಿ.”

ಹೀಗೆ ನಾನು ಜಾಮೀನು ನಿಂತೆ. ಅದೂ ನಿಂತಲ್ಲೇ ತೂಕಡಿಸುತ್ತ.

ಆಯುಧಪೂಜೆಯ ದಿನ ಹೋಟೆಲಿನ ಗ್ರೈಂಡರು, ತಕ್ಕಡಿ, ದೋಸೆ ಕಾವಲಿ ಎಲ್ಲಕ್ಕೂ ಕುಂಕುಮ. ಹೊರಗೆ ಕಾರಿಗೆ ಸೇವಂತಿಗೆ ಹಾರ. ಹೊಸ ಚಕ್ರಗಳ ಕೆಳಗೆ ಅಣ್ಣನೇ ಬಗ್ಗಿ ನಿಂಬೆಹಣ್ಣು ಇಟ್ಟರು, ಟಯರಿನ ಮೈ ಕಣ್ಣಿಗೆ ಬೀಳದ ಹಾಗೆ ಮುಖ ಆಚೆ ಮಾಡಿಕೊಂಡು. ಜನವರಿಯಲ್ಲಿ ಅವಳು ಘಾಟ್ ಹತ್ತಿದಳು. ಬಹುಮಾನವೇನೂ ಬರಲಿಲ್ಲ, ನಡುವೆ ಎಲ್ಲೋ ಬಂದಳು. “ತಿರುವಿನಲ್ಲಿ ಛೋಡಾ ಹೀ ನಹೀಂ, ದಾದಾ,” ಎಂದಷ್ಟೇ ನನಗೆ ಹೇಳಿದಳು. ಗಲ್ಲಾದ ಮೇಲೆ ಕೂತ ಅಣ್ಣ ಮಾತ್ರ ಪ್ರತಿ ಗಿರಾಕಿಗೂ, ಅವಳು ಗೆದ್ದೇಬಿಟ್ಟ ಹಾಗೆ ವರ್ಣಿಸುತ್ತಿದ್ದರು.

ಜೂನು ಬಂತು. ನನಗೆ ಮತ್ತೆ ರಾತ್ರಿಪಾಳಿ. ಬೆಳಿಗ್ಗೆ ಕಾರ್ಖಾನೆಯ ಗೇಟು ದಾಟುವಾಗ ನೆಲ ಒಣಗಿತ್ತು. ಕಳವಾ ನಾಕಾ ಮುಟ್ಟುವಷ್ಟರಲ್ಲಿ ಮೊದಲ ಮಳೆ ಕೊಡ ಬಗ್ಗಿಸಿದಂತೆ ಸುರಿಯಿತು. ಮನೆಯ ಕಡೆ ತಿರುಗಬೇಕಾದ ಕಾಲು ಹೋಟೆಲಿನ ಕಡೆ ತಿರುಗಿತು. ಗಲ್ಲಾ ಖಾಲಿ. ಅಣ್ಣ ಇನ್ನೂ ಬಂದಿರಲಿಲ್ಲ. ಹೊರಡುವಾಗ ಡೊಂಬಿವಲಿಯಲ್ಲಿ ಮಳೆ ಇದ್ದಿರಲಾರದು. ಇವತ್ತೊಂದು ದಿನ ಎಂದು ಕಾರು ತೆಗೆದಿದ್ದರೆ ಈಗ ಇಬ್ಬರೂ ಮುಂಬ್ರಾ ಗುಡ್ಡದ ಬುಡದಲ್ಲೇ ಇರಬೇಕು. ಹೋಟೆಲಿನ ತಗಡಿನ ಕೆಳಗೆ ನಿಂತು ಮುಂಬ್ರಾ ರಸ್ತೆಯನ್ನೇ ನೋಡಿದೆ. ಟೆಂಪೋ, ಬಸ್ಸು, ಮತ್ತೆ ಟೆಂಪೋ. ಕೆಂಪು ಕಂಡಾಗಲೆಲ್ಲ ಮಳೆಗೆ ಒಂದು ಹೆಜ್ಜೆ ಇಳಿದು ನೋಡುತ್ತಿದ್ದೆ.

ಅಣ್ಣ ಬಂದದ್ದು ನನ್ನ ಬೆನ್ನಿನ ಕಡೆಯಿಂದ, ಸ್ಟೇಷನ್ ರಸ್ತೆಯಿಂದ. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು, ಕೊಡೆಯ ಒಂದು ಕಡ್ಡಿ ಮುರಿದಿತ್ತು.

“ಮಗಳ್ರೀ?”

“ಲೇಡೀಸ್ ಡಬ್ಬಿಯಲ್ಲಿದ್ದಾಳೆ. ಠಾಣೆಯಲ್ಲಿ ಇಳಿದು ಬಸ್ ಹಿಡೀತಾಳೆ.” ಕೊಡೆ ಕೊಡವುತ್ತ ನನ್ನನ್ನು ಕೆಕ್ಕರಿಸಿ ನೋಡಿದರು. “ನಿನ್ನೆ ಸಂಜೆ ಮೋಡ ನೋಡಿಯೇ ಪ್ಲಾಸ್ಟಿಕ್ ಕಟ್ಟಿದಳು ಮಾರಾಯ. ಬೆಳಿಗ್ಗೆ ಒಂದು ಹನಿ ಇರಲಿಲ್ಲ. ಇವತ್ತೊಂದು ದಿನ ಕಾರಲ್ಲಿ ಹೋಗುವ ಅಂತ ನಾನೇ ಹೇಳಿದೆ. ಹಗ್ಗಕ್ಕೂ ಕೈ ಹಾಕಿದೆ. ಹ್ಯಾಗೆ ಬೈದಳು ಗೊತ್ತುಂಟಾ, ಬಿಲ್ಡಿಂಗಿನವರೆಲ್ಲ ಕಿಟಕಿಗೆ ಬಂದ್ರು!”

ನನಗೆ ನಗಬೇಕೆನ್ನಿಸಿತು, ನಗಲು ತ್ರಾಣ ಸಾಲಲಿಲ್ಲ.

“ದಿವಾ ಸ್ಟೇಷನ್ನಿನಲ್ಲಿ ಒಬ್ಬ ನನ್ನ ಕಾಲು ತುಳಿದ,” ಅಣ್ಣ ಗಲ್ಲಾ ಹತ್ತಿ ಕೂತು ಪಾದ ಒತ್ತಿಕೊಂಡರು. “ಆ ಚಾಪೆ ಅಭ್ಯಾಸ ಆಗಿಬಿಟ್ಟಿದೆ ನನಗೆ. ಇನ್ನು ನಾಕು ತಿಂಗಳು ಹೀಗೇ. ಅಲ್ಲ ಬಿಎಸ್ಸಿ, ಬಾರಾ ಮಹೀನೆಯದ್ದೇ ಹೇಳಬಹುದಿತ್ತಲ್ಲ ನೀನು?”

ನಾನು ಮೂಲೆಯ ಮೇಜಿಗೆ ಹೋಗಿ ಗೋಡೆಗೆ ತಲೆಯಾನಿಸಿದೆ. ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಕೇಳದೆಯೇ ಚಹಾ ಬಂತು. ಅದು ಆರಿ, ಮೇಲೆ ಕೆನೆ ಕಟ್ಟಿದ್ದು ನಾನು ಎಚ್ಚರಾದಾಗಲೇ ಕಂಡದ್ದು.