ವಾಫಲ್ ಮೇಜು ಮತ್ತು ನಾಲ್ಕು ನಿಮಿಷ

ಶುಕ್ರವಾರ ಹನ್ನೊಂದಕ್ಕೆ ಬೋರ್ಗಿಲ್ಡ್ ಬಂದಳೆಂದರೆ ನಾರ್ವೆಯ ಆ ಕರಾವಳಿ ಆಸ್ಪತ್ರೆಯ ಮೂರನೇ ಮಹಡಿಯವರಿಗೆ ತಲೆನೋವು. ವಯಸ್ಸು ಐವತ್ತೇಳು, ಮಹಾ ಹಠಮಾರಿ. ಹೃದಯ, ಶ್ವಾಸಕೋಶ ಎರಡೂ ಕೈಕೊಟ್ಟಾಗ ರಕ್ತವನ್ನು ಹೊರಗೆಳೆದು, ಆಮ್ಲಜನಕ ತುಂಬಿ, ಮತ್ತೆ ಮೈಗೆ ಕಳಿಸುವ ಯಂತ್ರವನ್ನು ನಡೆಸುವುದು ಅವಳ ಕೆಲಸ. ಹನ್ನೆರಡು ವರ್ಷದ ಹಿಂದೆ ಇದೇ ಮಹಡಿಯ ಮೂಳೆ ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ಒಬ್ಬ ಹೆಂಗಸಿಗೆ ಆ ಯಂತ್ರ ತಡವಾಗಿ ತಲುಪಿತ್ತು. ಅಂದಿನಿಂದ ವಾರಕ್ಕೊಮ್ಮೆ ಯಂತ್ರದ ಗಾಡಿ ತಳ್ಳಿಕೊಂಡು ಅಲ್ಲಿಯವರೆಗೆ ಓಡಿ ನೋಡುತ್ತಾಳೆ. ನಾಲ್ಕು ನಿಮಿಷದೊಳಗೆ ಮುಟ್ಟಲೇಬೇಕು. ಅದೇ ಹೊತ್ತಿಗೆ ಲಿಫ್ಟಿನ ಎದುರು ನರ್ಸುಗಳು ಮೇಜು ಹಾಕಿ, ಅಚ್ಚಿಗೆ ಹಿಟ್ಟು ಹುಯ್ದು ವಾಫಲ್ ಎಂಬ ಸಿಹಿ ದೋಸೆ ಬೇಯಿಸುತ್ತಿರುತ್ತಾರೆ. ಶುಕ್ರವಾರ ವಾಫಲ್ ತಿನ್ನದಿದ್ದರೆ ಅವರಿಗೆ ವಾರ ಮುಗಿದಂತೆಯೇ ಅಲ್ಲ.

“ಮೇಜು ಸರಿಸೇ ಓಡ್ನಿ, ಇದು ದಾರಿ.”

“ನಿನ್ನ ಮೆರವಣಿಗೆ ಬೇರೆ ದಿನ ಇಟ್ಕೋಬಾರ್ದಾ? ಈಗಷ್ಟೇ ಹಿಟ್ಟು ಹುಯ್ದಿದ್ದೀನಿ,” ಎನ್ನುತ್ತಿದ್ದಳು ಹಿರಿಯ ನರ್ಸ್ ಓಡ್ನಿ. “ಹನ್ನೆರಡು ವರ್ಷದಿಂದ ಯಾರಿಗ್ ಬೇಕಾಯ್ತು ನಿನ್ನ ಗಾಡಿ?”

“ಹೆಪ್ಪುಗಟ್ಟೋ ರಕ್ತ ಶುಕ್ರವಾರ ರಜಾ ಹಾಕಲ್ಲ ಕಣೇ.”

ಮಾರ್ಚ್ ತಿಂಗಳ ಒಂದು ಶುಕ್ರವಾರ ಅದೇ ಮೂಳೆ ಶಸ್ತ್ರಚಿಕಿತ್ಸೆ ಕೋಣೆಯಿಂದ ಫೋನು ಬಂತು. ದೋಣಿಕಟ್ಟೆಯಲ್ಲಿ ಹಗ್ಗ ಕಟ್ಟುವ ಐಲಿಫ್, ನಲವತ್ತೊಂದರವನು. ಮುರಿದ ತೊಡೆಮೂಳೆಗೆ ಸರಳು ಹಾಕುತ್ತಿರುವಾಗ ಕಾಲಿನ ರಕ್ತದ ಹೆಪ್ಪು ಶ್ವಾಸಕೋಶಕ್ಕೇರಿ ಹೃದಯ ನಿಂತಿತ್ತು. ಎದೆ ಒತ್ತುತ್ತಲೇ ಇದ್ದಾರೆ, ಔಷಧಿಗೆ ಬಗ್ಗುತ್ತಿಲ್ಲ.

ಬೋರ್ಗಿಲ್ಡ್ ಓಡಿದಳು. ಲಿಫ್ಟಿನ ಬಾಗಿಲು ತೆರೆದರೆ ಎದುರಿಗೇ ಮೇಜು, ಹಬೆಯಾಡುವ ವಾಫಲ್. ಬೈಗುಳ ಬಾಯಿಂದ ಬೀಳುವ ಮೊದಲೇ, ಅವಳ ಮುಖ ನೋಡಿದ ಓಡ್ನಿ ಎರಡೂ ಕೈಯಿಂದ ಮೇಜನ್ನು ಗೋಡೆಗೆ ನೂಕಿದಳು. ಹಿಟ್ಟಿನ ಪಾತ್ರೆ ನೆಲಕ್ಕೆ ಬಿತ್ತು. ಗಾಡಿ ಆ ಹಿಟ್ಟಿನ ಮೇಲೇ ಹಾದುಹೋಯಿತು.

ಸರ್ಜನ್ ತೊಡೆಸಂದಿನಲ್ಲಿ ಕೊಳವೆ ಇಳಿಸಿ, “ಚಾಲೂ ಮಾಡು, ಬೇಗ!” ಎಂದು ಕೂಗಿದ. ಅವಳು ಮಾಡಲಿಲ್ಲ. ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ಐಲಿಫ್ ಉಳಿಯುವುದಿಲ್ಲ.

“ತಡಿ,” ಎಂದು ಕೊಳವೆಯನ್ನು ಬಡಿದು ಬಡಿದು ಗುಳ್ಳೆ ಹೊರಹಾಕಿ, ಆಮೇಲೆ ಯಂತ್ರ ಚಾಲೂ ಮಾಡಿದಳು. ಕಪ್ಪಗೆ ಹೋದ ರಕ್ತ ಕೆಂಪಗೆ ಮರಳತೊಡಗಿತು. ಹೆದರಿಕೆ ಆದದ್ದು ಆಗಲೇ. ಆದರೂ ವೈದ್ಯರು ಹೆಪ್ಪು ತೆಗೆಯುವವರೆಗೆ ಯಂತ್ರದ ಪಕ್ಕದಿಂದ ಕದಲಲಿಲ್ಲ.

ಬುಧವಾರ ಐಲಿಫ್ ಕಣ್ಣು ಬಿಟ್ಟು ಹೆಂಡತಿಯ ಹೆಸರು ಹೇಳಿದ.

ಶುಕ್ರವಾರ ಹನ್ನೊಂದಕ್ಕೆ ಲಿಫ್ಟಿನ ಎದುರು ಜಾಗ ಖಾಲಿ. ಮೇಜು ನರ್ಸುಗಳ ಕೋಣೆ ಸೇರಿತ್ತು. ಓಡ್ನಿ ಗಡಿಯಾರ ಹಿಡಿದು ಶಸ್ತ್ರಚಿಕಿತ್ಸೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

“ನಾಲ್ಕು ನಿಮಿಷ ಐದು ಸೆಕೆಂಡು. ಏನೇ, ವಯಸ್ಸಾಯ್ತಾ? ವಾಪಸ್ ಹೋಗು, ಇನ್ನೊಂದ್ಸಲ ಓಡ್ಕೊಂಡ್ ಬಾ. ವಾಫಲ್ ಆಮೇಲೆ.”