ಹದಿನೆಂಟನೆಯ ಹೆಸರು

ಒತೀಲಿಯಾಳ ಬಗ್ಗೆ ಬರೆಯಲು ನನಗೆ ಯಾವ ಮುಖವಿದೆ ಎಂದು ನನ್ನ ಗಂಡ ಕೇಳುತ್ತಾನೆ. ಮೂವತ್ತೆಂಟು ವರ್ಷದಲ್ಲಿ ಅವನು ಆಡಿದ ಸರಿಯಾದ ಮಾತು ಅದೊಂದೇ ಇರಬೇಕು. ಆದರೂ ಬರೆಯುತ್ತೇನೆ. ನಾನು ಬರೆಯದಿದ್ದರೆ ಇನ್ಯಾರೂ ಬರೆಯುವುದಿಲ್ಲ, ಅವಳಂತೂ ಬಾಯಿ ಬಿಡುವವಳಲ್ಲ.

ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿದ ದಿನ, ಕೂಸಾಗಿದ್ದ ಅವಳನ್ನು ತೋಳಿನಲ್ಲಿ ಹಿಡಿದು ನಿಂತವಳು ನಾನು. ನಮ್ಮ ಜನರಲ್ಲಿ ಹಾಗೆ ನಿಂತವಳು ಆ ಮಗುವಿಗೆ ಮದ್ರಿನಾ, ಅಂದರೆ ಎರಡನೆಯ ತಾಯಿ. ಅವಳ ಹೆತ್ತ ತಾಯಿ ಗ್ರಾಸಿಯೆಲಾ ಅವತ್ತಿನಿಂದ ನನ್ನ ಕೊಮಾದ್ರೆ, ಒಡಹುಟ್ಟಿದವಳಿಗಿಂತ ಹೆಚ್ಚು. ಹದಿನೆಂಟು ತುಂಬಿದಾಗ ಒತೀಲಿಯಾ ಕಿತ್ತಳೆ ಪ್ಯಾಕಿಂಗ್ ಶೆಡ್ಡಿಗೆ ಸೇರಿದಳು. ಬೆಲ್ಟಿನ ಮೇಲೆ ಹರಿದು ಬರುವ ಹಣ್ಣಿನಲ್ಲಿ ಹುಳುಕು, ಸೀಳು, ಹಸಿರು ಬೇರೆ ಮಾಡುವ ಕೆಲಸ. ಕಣಿವೆಯ ನಮ್ಮ ಊರಿನ ಅರ್ಧ ಹೆಂಗಸರು ಅದನ್ನೇ ಮಾಡುತ್ತಾರೆ. ನಾನು ಮಾತ್ರ ಅದೃಷ್ಟವಂತೆ. ಊರಿನ ಕಮ್ಯುನಿಟಿ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೌಂಟರಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತವಳು.

ಎರಡು ಸಾವಿರದ ಐದನೇ ಇಸವಿಯ ಜನವರಿಯಲ್ಲಿ ಅವಳ ತಮ್ಮ ಎಲಿಸೆಯೋ ನನ್ನ ಕೌಂಟರಿಗೆ ಬಂದು ತಲೆ ಮೇಲೆ ಕೈ ಹೊತ್ತು ನಿಂತ. ಎರಡು ವರ್ಷ ನಮ್ಮಲ್ಲಿ ಓದಿ, ಕಡಲ ಪಕ್ಕದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ವಿಜ್ಞಾನ ಓದಲು ದಾಟಬೇಕೆಂದಿದ್ದ ಹುಡುಗ. ದಾಟಲು ಬೇಕಾದ ಪಾಠಗಳಲ್ಲಿ ಕೊನೆಯದು ಡೇಟಾ ಸ್ಟ್ರಕ್ಚರ್ಸ್. ಅದನ್ನು ಆ ವಸಂತದಲ್ಲಿ ಮುಗಿಸದಿದ್ದರೆ ಅವರು ಅವನ ಅರ್ಜಿಯನ್ನು ಮೂಸಿಯೂ ನೋಡುವುದಿಲ್ಲ. ನಮ್ಮ ಕಾಲೇಜಿನಲ್ಲಾದರೋ ಹದಿನೆಂಟು ಜನ ಸೇರದ ತರಗತಿಯನ್ನು ಮೊದಲ ಶುಕ್ರವಾರವೇ ಮುಚ್ಚಿಬಿಡುತ್ತಾರೆ. ಸೇರಿದ್ದು ಹನ್ನೊಂದು ಜನ.

"ಇನ್ನೇಳು ತಲೆ ತಾನೇ? ನಿಮ್ಮ ಮನೇಲಿ ಅಷ್ಟು ತಲೆ ಇಲ್ವೇನೋ?" ಅಂದೆ.

"ತಲೆ ಇವೆ ಮದ್ರಿನಾ, ಒಳಗೆ ಏನಿದೆ ಅಂತ ನಂಗೊತ್ತಿಲ್ಲ," ಅಂದ. ಅಕ್ಕನ ಹಾಗೆ ಅವನೂ ನನ್ನನ್ನು ಮದ್ರಿನಾ ಅನ್ನುತ್ತಿದ್ದ.

ನಾನು ಹೊಸದೇನೂ ಹೇಳಿಕೊಡಲಿಲ್ಲ. ಸಣ್ಣ ಕಾಲೇಜುಗಳಲ್ಲಿ ಇದು ನಡೆದುಕೊಂಡು ಬಂದದ್ದೇ. ತರಗತಿ ಉಳಿಸಲು ನೆಂಟರಿಷ್ಟರು ಹೆಸರು ಬರೆಸುತ್ತಾರೆ. ಮೂರನೇ ವಾರದಲ್ಲಿ ತಲೆ ಎಣಿಕೆ ಮುಗಿಯುವವರೆಗೆ ಹೆಸರು ಇರಬೇಕು. ಅವತ್ತೇ ಸಂಜೆ ಐದರೊಳಗೆ ತೆಗೆಸಿಬಿಟ್ಟರೆ ದಾಖಲೆಯಲ್ಲಿ ಗುರುತೂ ಉಳಿಯುವುದಿಲ್ಲ. ತೆಗೆಸದಿದ್ದರೆ, ಪರೀಕ್ಷೆ ಬರೆಯದವರ ಅಂಕಪಟ್ಟಿಗೆ ಎಫ್, ಅಂದರೆ ಫೇಲು. ಬಡವರಿಗೆ ಶುಲ್ಕ ಮಾಫಿ. ಹಿಂದಿನ ಪಾಠ ಓದಿರಬೇಕು ಎಂಬುದು ಆಗಿನ್ನೂ ಬರೀ ಸಲಹೆ. ಹೀಗೆ ಕ್ಷೌರದ ಅಂಗಡಿಯ ತಾಚೋ, ಅವನ ಹೆಂಡತಿ, ಡೈರಿಯಲ್ಲಿ ಹಾಲು ಕರೆಯುವ ಮೂವರು, ಹಸು ಸಾಕಿಕೊಂಡಿದ್ದ ಎಲಿಸೆಯೋನ ಅರವತ್ತೊಂಬತ್ತು ವರ್ಷದ ಚಿಕ್ಕಪ್ಪ, ಎಲ್ಲರೂ ಡೇಟಾ ಸ್ಟ್ರಕ್ಚರ್ಸ್ ವಿದ್ಯಾರ್ಥಿಗಳಾದರು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

"ಹೋಮ್‌ವರ್ಕ್ ಕೊಡ್ತಾರೇನಮ್ಮ? ನನ್ನ ಕನ್ನಡಕ ಒಡೆದು ಹೋಗಿದೆ," ಅಂತ ಚಿಕ್ಕಪ್ಪ ಕೇಳಿದ.

"ಕೊಟ್ರೆ ನಿನ್ನ ಹಸುಗಳಿಗೆ ತಿನ್ನಿಸು," ಅಂದ ತಾಚೋ.

ಶುಕ್ರವಾರ ಮಧ್ಯಾಹ್ನ ಹದಿನೇಳಕ್ಕೆ ನಿಂತಿತು. ಆಗ ಒತೀಲಿಯಾ ಶೆಡ್ಡಿನಿಂದ ನೇರ ಬಂದಳು. ತಲೆಗೆ ಬಲೆ, ಕೈಯಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ. "ಎಲ್ಲಿ ಬರೀಬೇಕು ಹೇಳಿ ಮದ್ರಿನಾ, ಹದಿನೈದು ನಿಮಿಷದ ಬಿಡುವು ಅಷ್ಟೆ," ಅಂದಳು. ಅವಳೇ ಹದಿನೆಂಟನೆಯವಳು. ತರಗತಿ ಉಳಿಯಿತು. ಎಲಿಸೆಯೋ ಅಕ್ಕನನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

ಮೇಷ್ಟ್ರು ಅವಾಕ್ಯನ್ ಎಲ್ಲ ಬಲ್ಲವರು. ಹಾಜರಿ ಕರೆಯುವಾಗ ಖಾಲಿ ಕುರ್ಚಿಗಳ ಕಡೆ ನೋಡಿ, "ಇವತ್ತು ಇವರು ಬಹಳ ಗಮನವಿಟ್ಟು ಕೇಳುತ್ತಿದ್ದಾರೆ," ಅನ್ನುತ್ತಿದ್ದರಂತೆ.

ತಲೆ ಎಣಿಕೆ ಬಂದದ್ದು ಫೆಬ್ರವರಿ ಎರಡರಂದು. ಅವತ್ತು ನಮಗೆ ಕಾಂದೆಲಾರಿಯಾ ಹಬ್ಬ. ಜನವರಿ ಆರರ ಸಿಹಿ ರೊಟ್ಟಿಯನ್ನು ಹಂಚಿ ತಿನ್ನುವಾಗ, ಒಳಗೆ ಹುದುಗಿಸಿಟ್ಟ ಪುಟ್ಟ ಗೊಂಬೆ ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಕಾಂದೆಲಾರಿಯಾಕ್ಕೆ ಎಲ್ಲರಿಗೂ ತಮಾಲೆ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಹಬೆ ಕಡುಬು, ಮಾಡಿ ಬಡಿಸಬೇಕು. ಆ ವರ್ಷ ಗೊಂಬೆ ಸಿಕ್ಕಿದ್ದು ಗ್ರಾಸಿಯೆಲಾಗೆ. ಹೇಗೂ ಹೆಸರು ತೆಗೆಸಲು ಎಲ್ಲರೂ ಕಂಪ್ಯೂಟರ್ ಕೋಣೆಗೆ ಬರುತ್ತಾರೆ, ಅಲ್ಲೇ ಬಡಿಸೋಣ ಎಂದು ಅವಳು ದೊಡ್ಡ ಹಬೆ ಪಾತ್ರೆಯನ್ನೇ ಹೊತ್ತು ತಂದಳು. ಒತೀಲಿಯಾಗೆ ಅವತ್ತು ಎರಡು ಪಾಳಿ. ಬರಲಾಗುವುದಿಲ್ಲವೆಂದು, ಹೆಸರು ತೆಗೆಯಲು ಬೇಕಾದ ತನ್ನ ಗುಪ್ತಸಂಖ್ಯೆಯನ್ನು ಚೀಟಿಯಲ್ಲಿ ಬರೆದು ತಾಯಿಯ ಕೈಲಿ ಕಳಿಸಿದ್ದಳು. ಗ್ರಾಸಿಯೆಲಾ ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಮರೀಬೇಡ ಕಣೇ ಕುಕಾ," ಅಂದಳು. ನನ್ನನ್ನು ಎಲ್ಲರೂ ಕರೆಯುವುದು ಹಾಗೆಯೇ.

"ನಾನೇನು ನಿನ್ನ ಹಾಗೆ ಮುದುಕಿ ಆಗಿದ್ದೀನಾ?" ಅಂದೆ.

ಬಂದವರ ಹೆಸರನ್ನೆಲ್ಲ ಒಂದೊಂದಾಗಿ ತೆಗೆದೆ. ಚೀಟಿಯನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡು, ಊಟವಾದ ಮೇಲೆ ನೋಡೋಣ ಅಂದುಕೊಂಡೆ. ಕೆಂಪು ಮೆಣಸಿನ ಹಂದಿಮಾಂಸದ ತಮಾಲೆ, ಬಿಸಿ ಅತೋಲೆ ಗಂಜಿ, ತಾಚೋನ ಹರಟೆ. ಎಷ್ಟು ನಕ್ಕೆನೆಂದರೆ ಹೊಟ್ಟೆ ಹಿಡಿದುಕೊಂಡೆ. ಐದು ಹೊಡೆಯಿತು, ಕಂಪ್ಯೂಟರ್ ತನ್ನ ಬಾಗಿಲು ಹಾಕಿಕೊಂಡಿತು.

ಶನಿವಾರ ಸ್ವೆಟರ್ ಒಗೆಯಲು ಹಾಕುವಾಗ ಚೀಟಿ ಸಿಕ್ಕಿತು. ನೆಲದ ಮೇಲೆ ಕುಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. "ಅಯ್ಯೋ" ಅಂದೆ, ಅಷ್ಟೆ. ಏಪ್ರಿಲ್ ತನಕ ಬೇರೆ ಫಾರಂ ತುಂಬಿ ಹೆಸರು ತೆಗೆಸುವ ದಾರಿಯಿತ್ತು. ಅದಕ್ಕೆ ಅವಳ ಸಹಿ ಬೇಕು, ನಾನು ಮರೆತೆನೆಂದು ಹೇಳಬೇಕು, ಗ್ರಾಸಿಯೆಲಾಳ ಬಾಯಿಗೆ ಬೀಳಬೇಕು. ಆಗ ನನ್ನ ಮನಸ್ಸು ಆಡಿದ ಮಾತನ್ನು ಇಲ್ಲಿ ಬರೆಯಲೇಬೇಕು. ಕಿತ್ತಳೆ ಆರಿಸುವವಳಿಗೆ ಒಂದು ಎಫ್ ಬಿದ್ದರೆ ಏನಂತೆ, ಅವಳ ಅಂಕಪಟ್ಟಿಯನ್ನು ಯಾರು ಯಾವತ್ತು ಕೇಳುತ್ತಾರೆ? ಹಾಗಂದುಕೊಂಡು ಚೀಟಿ ಹರಿದು ಕಸಕ್ಕೆ ಹಾಕಿದೆ. ಎರಡನೆಯ ತಾಯಿ!

ಎಲಿಸೆಯೋ ಆ ಬೇಸಿಗೆ ವಿಶ್ವವಿದ್ಯಾಲಯಕ್ಕೆ ಹೋದ, ಡಿಗ್ರಿ ಮುಗಿಸಿ ಸಾನ್ ಹೊಸೆಯಲ್ಲಿ ಕೆಲಸ ಹಿಡಿದ.

ಇತ್ತ ಶೆಡ್ಡಿಗೆ ಕ್ಯಾಮೆರಾ ಕಣ್ಣಿನಿಂದ ಹಣ್ಣು ಆರಿಸುವ ಯಂತ್ರ ಬಂತು. ಉಳಿದ ಹೆಂಗಸರು ಅದಕ್ಕೆ ಶಾಪ ಹಾಕಿದರೆ, ಒತೀಲಿಯಾ ಬಿಡುವಿನಲ್ಲಿ ಅದರ ಮುಂದೆ ನಿಂತು ನೋಡುತ್ತಿದ್ದಳು. ಎಂಟನೇ ಇಸವಿಯ ಶರತ್ಕಾಲದಲ್ಲಿ, ಮೂವತ್ತೊಂದು ತುಂಬಿ ಎರಡು ಹೆಣ್ಣುಮಕ್ಕಳ ತಾಯಿಯಾಗಿದ್ದ ಅವಳು ನನ್ನ ಕೌಂಟರಿನ ಮುಂದೆ ಬಂದು, "ಮದ್ರಿನಾ, ಆ ಯಂತ್ರ ಸೀಳಿದ ಹಣ್ಣನ್ನ ಹೇಗೆ ಗುರುತು ಹಿಡಿಯತ್ತೆ ಅಂತ ತಿಳ್ಕೋಬೇಕು. ಎಲ್ಲಿಂದ ಶುರು ಮಾಡ್ಲಿ?" ಅಂದಳು.

ಹರಿದೆಸೆದ ಚೀಟಿ ನೆನಪಾಯಿತು. ಆದರೂ ಮೊದಲ ಪಾಠಕ್ಕೆ ಹೆಸರು ಬರೆದುಕೊಟ್ಟೆ.

ಅವಳು ಓದಿದ ರೀತಿಯನ್ನು ಏನೆಂದು ಹೇಳಲಿ! ಬೆಳಿಗ್ಗೆ ಶೆಡ್ಡು, ಮಧ್ಯಾಹ್ನ ಕಾಲೇಜು. ಮಕ್ಕಳು ಗ್ರಾಸಿಯೆಲಾಳ ಮಡಿಲಲ್ಲಿ. ಶೆಡ್ಡಿನ ಹೆಂಗಸರಲ್ಲಿ ಯಾರಿಗೆ ಮಂಡಿ ನೋವು, ಯಾರಿಗೆ ಭುಜ ಎಂದು ಬರೆದುಕೊಂಡು, ದಿನವಿಡೀ ಯಾರೂ ಒಂದೇ ಕಡೆ ನಿಲ್ಲದಂತೆ ಜಾಗ ಹಂಚುವ ಪ್ರೋಗ್ರಾಂ ಬರೆದಳು. ಮೇಸ್ತ್ರಿ ಅದನ್ನು ಮುದ್ರಿಸಿ ಗೋಡೆಗೆ ಹಚ್ಚಿದ. ಅವಾಕ್ಯನ್ ಮೇಷ್ಟ್ರು ಒಮ್ಮೆ ನನ್ನ ಕೌಂಟರಿಗೆ ಒರಗಿ, "ಇಪ್ಪತ್ತಾರು ವರ್ಷ ಪಾಠ ಹೇಳಿದ್ದೀನಿ ಕುಕಾ. ಈಕೆಯ ತಮ್ಮ ಶ್ರಮಜೀವಿ. ಈಕೆ ಬೇರೆ ಥರದವಳು," ಅಂದರು. ನಾನು ಟೇಬಲ್ ಒರೆಸುತ್ತಾ ಇದ್ದೆ. ಅದಾದ ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಹತ್ತನೇ ಇಸವಿಯ ಬೇಸಿಗೆಯಲ್ಲಿ ಅವಳು ದಾಟುವ ತಯಾರಿ ಮಾಡಿದಳು. ತಮ್ಮ ಓದಿದ ಅದೇ ವಿಶ್ವವಿದ್ಯಾಲಯ, ಅದೇ ವಿಭಾಗ. ಉಳಿದದ್ದು ಒಂದೇ ಪಾಠ, ಆ ಡೇಟಾ ಸ್ಟ್ರಕ್ಚರ್ಸ್. ಈಗ ಅದು ವರ್ಷಕ್ಕೊಮ್ಮೆ, ಆಗಸ್ಟಿನಲ್ಲಿ ಮಾತ್ರ. ಕೌನ್ಸೆಲರ್ ಅವಳ ಅಂಕಪಟ್ಟಿಯನ್ನು ಪೂರ್ತಿ ತೆರೆದದ್ದು ಆಗಲೇ. ಎಲ್ಲ ಕಡೆ ಎ, ಎ, ಎ. ಎಲ್ಲಕ್ಕಿಂತ ಮೇಲೆ, ಐದು ವರ್ಷದ ಹಿಂದಿನ ಎಫ್.

ಹಿಂದೆ ಆ ತರಗತಿಗೆ ಜನ ಸಿಗದೆ ಡೈರಿಯಿಂದ ಕರೆತಂದಿದ್ದೆವು. ಈಗ ಕಾಲ ತಿರುಗಿತ್ತು. ಕೆಲಸ ಕಳೆದುಕೊಂಡವರೆಲ್ಲ ಕಾಲೇಜಿಗೆ ನುಗ್ಗಿದ್ದರು, ಸರ್ಕಾರ ತರಗತಿಗಳನ್ನು ಕತ್ತರಿಸಿತ್ತು. ಮೂವತ್ತು ಕುರ್ಚಿಗೆ ಐವತ್ತು ಜನ. ಒಮ್ಮೆ ಫೇಲಾಗಿ ಮತ್ತೆ ಅದೇ ಪಾಠ ತೆಗೆದುಕೊಳ್ಳುವವರು ಸಾಲಿನ ತುತ್ತತುದಿಗೆ. ಸುತ್ತಲಿನ ಕಾಲೇಜುಗಳಲ್ಲೂ ಅದೇ ಪಾಡು. ಆ ಎಫ್ ಅಳಿಸಿದರೆ ಮಾತ್ರ ಅವಳಿಗೆ ಸಾಲಿನ ಮುಂದಿನ ಜಾಗ ಸಿಗುತ್ತಿತ್ತು. ಅಳಿಸಲು ಒಂದು ಅರ್ಜಿ ಉಂಟು. ಅದರ ಜೊತೆ, ತಪ್ಪು ಕಚೇರಿಯದು ಎಂದು ಕಾಲೇಜಿನ ನೌಕರರೊಬ್ಬರು ಬರೆದ ಕಾಗದ ಬೇಕು. ಕೊನೆಯ ದಿನ ಆಗಸ್ಟ್ ಹನ್ನೆರಡು.

ಜುಲೈಯಲ್ಲಿ ಅವಳು ಆ ಅರ್ಜಿ ಹಿಡಿದು ಬಂದಳು. ಕೌಂಟರಿನ ಮೇಲೆ ಇಟ್ಟು ನೀಟಾಗಿ ಸವರಿದಳು.

"ಮದ್ರಿನಾ, ಆ ಕಾಂದೆಲಾರಿಯಾ ದಿನ ಅಮ್ಮನ ಕೈಲಿ ಒಂದು ಚೀಟಿ ಕಳಿಸಿದ್ದೆ. ನೆನಪಿದೆಯಾ?"

ಆ ತಿಂಗಳು ಪಕ್ಕದೂರಿನ ಒಂದು ಕಾಲೇಜಿನಲ್ಲಿ ಸುಳ್ಳು ಹೆಸರು ಸೇರಿಸಿದಳೆಂದು ಒಬ್ಬ ಗುಮಾಸ್ತೆಯನ್ನು ಮನೆಗೆ ಕಳಿಸಿದ್ದರು. ನಮ್ಮಲ್ಲೂ ಯಾರನ್ನು ತೆಗೆಯಬೇಕೆಂಬ ಪಟ್ಟಿ ತಯಾರಾಗುತ್ತಿತ್ತು. ನನ್ನ ಪಿಂಚಣಿಗೆ ಇನ್ನು ಹತ್ತು ತಿಂಗಳು. ಇವೆಲ್ಲ ಆ ಕ್ಷಣದಲ್ಲಿ ತಲೆಯೊಳಗೆ ಓಡಿದವು. ಅವಳ ಮುಖ ಮಾತ್ರ ನನಗೆ ಕಾಣಲಿಲ್ಲ.

"ಐದು ವರ್ಷದ ಮಾತಮ್ಮ. ಅವತ್ತು ಎಷ್ಟೊಂದು ಜನ ಇದ್ರು. ಕಂಪ್ಯೂಟರೂ ತಪ್ಪು ಮಾಡತ್ತೆ... ನೋಡೋಣ, ವಿಚಾರಿಸ್ತೀನಿ," ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

"ಸರಿ ಮದ್ರಿನಾ. ನೋಡಿ," ಅಂದಳು. ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡಳು. "ಎಲಿಸೆಯೋಗೆ ಈ ವಿಷಯ ಹೇಳ್ಬೇಡಿ, ನೊಂದ್ಕೋತಾನೆ."

ನಾನು ಎಲ್ಲಿಯೂ ವಿಚಾರಿಸಲಿಲ್ಲ. ವಿಚಾರಿಸಲು ಏನಿತ್ತು? ಎರಡು ಸಲ ಕಾಗದ ತೆಗೆದು "ನಾನು, ರೆಫೂಹಿಯೋ ಬರಾಗಾನ್" ಎಂದು ಶುರು ಮಾಡಿದೆ. ಎರಡು ಸಲವೂ ಹೆಸರಿನಿಂದ ಮುಂದಕ್ಕೆ ಪೆನ್ನು ಹೋಗಲಿಲ್ಲ. ಹನ್ನೆರಡನೇ ತಾರೀಕು ಕಳೆಯಿತು. ಕಾಯುವವರ ಪಟ್ಟಿಯಲ್ಲಿ ಅವಳದು ಇಪ್ಪತ್ತನೆಯ ಹೆಸರು, ನಾಲ್ಕರವರೆಗೆ ಮಾತ್ರ ಕುರ್ಚಿ ಸಿಕ್ಕಿತು. ಆದರೂ ಮೂರು ವಾರ ತರಗತಿಯ ಗೋಡೆಗೆ ಒರಗಿ ನಿಂತು ಪಾಠ ಕೇಳಿದಳಂತೆ. ಆಮೇಲೆ ಬೆಂಕಿ ಸುರಕ್ಷತೆಯ ನಿಯಮವೆಂದು ನಿಂತವರನ್ನೆಲ್ಲ ಹೊರಗೆ ಕಳಿಸಿದರು.

ವಿಶ್ವವಿದ್ಯಾಲಯಕ್ಕೆ ಅರ್ಜಿಯನ್ನಂತೂ ಹಾಕಿದಳು. ಫೆಬ್ರವರಿಯಲ್ಲಿ ಗ್ರಾಸಿಯೆಲಾಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳನ್ನೇ ಈಗ ಮಗುವಿನಂತೆ ನೋಡಿಕೊಳ್ಳಬೇಕಾಯಿತು. ಏಪ್ರಿಲ್ ಕೊನೆಯಲ್ಲಿ ವಿಶ್ವವಿದ್ಯಾಲಯದ ಉತ್ತರ ಬಂತು. ಬೇಕಾದ ಪಾಠ ಪೂರ್ತಿಯಾಗಿಲ್ಲ, ಆದ್ದರಿಂದ ವಿಷಾದಿಸುತ್ತೇವೆ. ಮುಂದಿನ ವರ್ಷ ನೋಡೋಣ ಅನ್ನುವುದು ಇಪ್ಪತ್ತರ ಹುಡುಗರ ಮಾತು. ಅವಳು ಮತ್ತೆ ಎರಡು ಪಾಳಿ ಹಿಡಿದಳು. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ತಿಂದವಳು ನಾನು, ಕುಡಿದವಳು ಅವಳು.

ಮೇ ಕೊನೆಗೆ ನನ್ನ ನಿವೃತ್ತಿ. ಕೇಕು, ಹೂವು, ಗಡಿಯಾರ. ಪಿಂಚಣಿಯ ಕಾಗದ ಕೈಗೆ ಬಂದ ಮೂರನೇ ದಿನ ಒತೀಲಿಯಾಳ ಮನೆಗೆ ಹೋದೆ. ಅದಕ್ಕೂ ಮುಂಚೆ ಹೋಗಲಿಲ್ಲ ಎಂಬುದನ್ನು ಓದುವವರು ಗಮನಿಸಲಿ. ಅವಳು ಅಡುಗೆಮನೆಯಲ್ಲಿ ತಾಯಿಗೆ ಬೀನ್ಸ್ ಕಾಳು ಬೇಯಿಸಿ ಮಸೆಯುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಜೇಬು, ತಮಾಲೆ, ಶನಿವಾರ, ಹರಿದ ಚೀಟಿ. ಕಿತ್ತಳೆ ಆರಿಸುವವಳಿಗೇನು ಎಂದುಕೊಂಡದ್ದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತೆ.

ಅವಳ ಕೈ ನಿಲ್ಲಲಿಲ್ಲ. "ಗೊತ್ತಿತ್ತು," ಅಂದಳು. "ಚೀಟಿ ನಿಮ್ಮ ಕೈಲೇ ಇಟ್ಟೆ ಅಂತ ಅಮ್ಮ ಅವತ್ತೇ ಹೇಳಿದ್ದಳು."

"ಮತ್ಯಾಕೆ ಸುಮ್ಮನಿದ್ದೆ ಮಗಳೇ? ಅರ್ಜೀಲಿ ನನ್ನ ಹೆಸರು ಬರೀಬಹುದಿತ್ತು. ಬಂದು ನನ್ನ ಜುಟ್ಟು ಹಿಡಿದು ಕೇಳಬಹುದಿತ್ತು!"

"ಕೇಳಿದೆನಲ್ಲ, ಜುಲೈಯಲ್ಲಿ."

ಒಳಕೋಣೆಯಿಂದ ಗ್ರಾಸಿಯೆಲಾ ಏನೋ ತೊದಲಿದಳು. "ಬಂದೆ ಅಮ್ಮಾ," ಎಂದು ಒತೀಲಿಯಾ ಬಟ್ಟಲು ಕೈಗೆತ್ತಿಕೊಂಡಳು, ಚಮಚ ಹುಡುಕಿದಳು.

"ಆಗಸ್ಟ್ ಹನ್ನೆರಡನೇ ತಾರೀಕು ನಿಮ್ಮ ಕಾಲೇಜಿನ ಪಾರ್ಕಿಂಗಲ್ಲಿ ಕಾರಲ್ಲೇ ಕೂತಿದ್ದೆ," ಅಂದಳು. "ಮಧ್ಯಾಹ್ನದಿಂದ. ಅರ್ಜಿ ಪಕ್ಕದ ಸೀಟಲ್ಲಿತ್ತು. ನೀವು ಕಾಗದ ಹಿಡ್ಕೊಂಡು ಬರ್ತೀರಿ, ಓಡಿ ಹೋಗಿ ಕೊಟ್ಟುಬಿಡೋಣ ಅಂತಿದ್ದೆ. ಐದು ಗಂಟೆಗೆ ನೀವು ಬಾಗಿಲು ಹಾಕಿ, ಬೀಗ ಎಳೆದು ನೋಡಿ, ನನ್ನ ಕಾರಿನ ಮುಂದೇನೇ ನಡ್ಕೊಂಡು ಹೋದ್ರಿ."