ಗುಡ್ಡದ ಕಡೆ ಹೊರಳಿದ ಗಾಲಿ

ದೆವ್ವ, ಪವಾಡ, ಸತ್ತವರು ಬಂದು ಸನ್ನೆ ಮಾಡುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ನಂಬಿದ್ದರೆ ನನ್ನ ವ್ಯಾಪಾರ ಇನ್ನೂ ಚೆನ್ನಾಗಿ ನಡೆಯುತ್ತಿತ್ತೇನೋ. ದುರ್ಗದಬೈಲಿನಲ್ಲಿ ಕೂತು ಆಯುಷ್ಯವೆಲ್ಲ ಲಿಂಬೆಹಣ್ಣು ಮಾರಿದವಳು ನಾನು. ಖಂಡೇ ಪೂಜೆ, ಅಂದರೆ ಆಯುಧಪೂಜೆ, ಬಂತೆಂದರೆ ಅರ್ಧ ಹುಬ್ಬಳ್ಳಿ ಗಾಡಿಯ ಗಾಲಿಗೆ ಇಡಲು ನನ್ನ ಹತ್ತಿರ ಹಣ್ಣು ಒಯ್ಯುತ್ತಿತ್ತು. ಹಣ್ಣು ಒಯ್ದವರ ಗಾಡಿಗಳೂ ಬಿದ್ದವು, ಒಯ್ಯದವರ ಗಾಡಿಗಳೂ ಬಿದ್ದವು. "ಛಲೋ ನೋಡಿ ಕೊಡ್ರಿ ಆಯಿ, ವರ್ಷಪೂರ್ತಿ ಗಾಡಿ ಕಾಯಬೇಕದು" ಎಂದು ಯಾರಾದರೂ ಅಂದರೆ, "ಕಾಯೂದು ಬ್ರೇಕು, ಹಣ್ಣಲ್ಲಪಾ" ಎಂದು ಹೇಳಿಯೇ ಕೊಡುತ್ತಿದ್ದೆ. ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನಂಬಿರೆಂದು ಹೇಳುವುದಿಲ್ಲ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ನನ್ನ ಮಗ ಬಸವರಾಜ ಮಿಲಿಟರಿಯಲ್ಲಿ ಲಾರಿ ಡ್ರೈವರ್ ಆಗಿದ್ದ. ಹಿಮ ಬೀಳುವ ಗುಡ್ಡಗಳ ಮೇಲಿದ್ದವರಿಗೆ ಅಕ್ಕಿ, ಸೀಮೆಎಣ್ಣೆ ಮುಟ್ಟಿಸುವ ಕೆಲಸ. ಒಂದು ತಿರುವಿನಲ್ಲಿ ಅವನ ಲಾರಿ ಕಂದಕಕ್ಕೆ ಬಿತ್ತು. ಅವನೊಬ್ಬನೇ ಇದ್ದ, ಅವನೊಬ್ಬನೇ ಹೋದ. ಮನೆಗೆ ಬಂದ ಮಿಲಿಟರಿ ಸಾಹೇಬರು ಹೇಳಿದ್ದು ಇಷ್ಟು: ಆ ದಾರಿಯಲ್ಲಿ ಎಡಕ್ಕೆ ಗುಡ್ಡ, ಬಲಕ್ಕೆ ಕಂದಕ. ಎಚ್ಚರವಿದ್ದ ಡ್ರೈವರ್ ಗಾಡಿ ಜಾರಿತೆಂದರೆ ಗುಡ್ಡದ ಕಡೆ ಸ್ಟೇರಿಂಗ್ ಹೊರಳಿಸುತ್ತಾನೆ. ಕೆಳಗೆ ಸಿಕ್ಕ ಲಾರಿಯ ಮುಂದಿನ ಗಾಲಿಗಳು ನೆಟ್ಟಗಿದ್ದವು. ಅಂದರೆ ಇವನಿಗೆ ನಿದ್ದೆ ಹತ್ತಿತ್ತು.

ನಿದ್ದೆ! ಹುಟ್ಟಿದಾಗಿನಿಂದ ನಿದ್ದೆಗೂ ಅವನಿಗೂ ಆಗಿಬಂದಿರಲಿಲ್ಲ. ಓಣಿಯವರು ಅವನನ್ನು ನಿದ್ದಿಗೇಡಿ ಎಂದೇ ಕರೆಯುತ್ತಿದ್ದರು. ಕೋಳಿ ಕೂಗುವ ಮೊದಲೇ ಎದ್ದು, ಹಣ್ಣಿನ ಬುಟ್ಟಿ ಹೊತ್ತು, ನನ್ನನ್ನು ಎಬ್ಬಿಸುತ್ತಿದ್ದ ಹುಡುಗ ಅವನು. ಇದನ್ನು ಸಾಹೇಬರಿಗೆ ಹೇಳಿದೆ. ಅವರು ಚಹಾ ಕುಡಿದು, ತಲೆಯಲ್ಲಾಡಿಸಿ ಹೋದರು. ಆಮೇಲೆ ಓಣಿಯವರ ಬಾಯಲ್ಲಿ ನಿದ್ದೆ ಹೋಗಿ ಕುಡಿತವಾಯಿತು. ಸಾಲೆಯಲ್ಲಿ ಧ್ವಜ ಏರಿಸುವ ದಿನ ಸತ್ತ ಸೈನಿಕರ ಮನೆಯವರನ್ನು ಕರೆದು ಶಾಲು ಹೊದಿಸುತ್ತಾರಲ್ಲ, ನಮ್ಮನ್ನು ಕರೆಯಲಿಲ್ಲ. ಅವನ ಮಗಳು ವಿದ್ಯಾ ಆಗ ಸಣ್ಣವಳು. ಒಂದು ದಿನ ಪಾಟಿಚೀಲ ಮೂಲೆಗೆ ಒಗೆದು, "ಆಯಿ, ಅಪ್ಪ ನಿದ್ದಿ ಹೊಡದು ಸತ್ನಂತ, ಖರೇ ಏನು?" ಎಂದು ಕೇಳಿದಳು. ನಾನು ಸುಳ್ಳೆಂದೆ. ಅವಳ ಅವ್ವ, ಅಂದರೆ ನನ್ನ ಸೊಸೆ ಶಾಂತಾ, ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ, ರೊಟ್ಟಿ ಬಡಿಯುತ್ತಲೇ ಇದ್ದಳು.

ವಿದ್ಯಾ ಈಗ ದುಡಿಯುವವಳು. ಬೈರಿದೇವರಕೊಪ್ಪದ ನಮ್ಮ ಬಾಡಿಗೆ ಮನೆಯ ಹೊರಕೋಣೆಯಲ್ಲಿ ಕೂತು ಅವಳು ಮಾಡುವುದೇನೆಂದು ನೆರೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಬಾಯಿ ಬತ್ತಿದೆ. ಕಂಪ್ಯೂಟರಿನಲ್ಲಿ ಹುಡುಗರು ಯುದ್ಧದ ಆಟ ಆಡುತ್ತಾರಲ್ಲ, ಆ ಆಟದ ಟ್ಯಾಂಕು, ಜೀಪು, ಲಾರಿಗಳ ಚಿತ್ರ ಬರೆಯುವವರಿಗೆ ಕಣ್ಣ ಮುಂದೆ ಅಂಗೈಯಗಲದ ಒಂದು ಮಾದರಿ ಬೇಕು. ಅದನ್ನು ಇವಳು ಮಾಡಿಕೊಡುತ್ತಾಳೆ. ಪ್ಲಾಸ್ಟಿಕ್ಕಿನ ಚೂರುಗಳನ್ನು ಅಂಟಿಸಿ, ಬಣ್ಣ ಹೊಡೆದು, ಎಲ್ಲಿ ತುಕ್ಕು ಇಳಿಯುತ್ತದೆ, ಎಲ್ಲಿ ಕೆಸರು ಹಿಡಿಯುತ್ತದೆ, ಎಲ್ಲಿ ಡ್ರೈವರನ ಬೂಟು ತಾಗಿ ಬಣ್ಣ ಸವೆಯುತ್ತದೆ ಎಲ್ಲವನ್ನೂ ತೋರಿಸಿ, ಸುತ್ತಲೂ ಫೋಟೋ ತೆಗೆದು ಪುಣೆಯ ಒಂದು ಕಂಪನಿಗೆ ಕಳಿಸುತ್ತಾಳೆ. "ಖರೇ ಗಾಡೀನ ನೋಡಿ ಬರದ್ರ ಆಗೂದಿಲ್ಲೇನು?" ಎಂದು ಕೇಳಿದ್ದೆ. "ಖರೇ ಟ್ಯಾಂಕಿನ ಮುಂದ ಕ್ಯಾಮೆರಾ ಹಿಡದು ನಿಂತ್ರ ಒಳಗ ಹಾಕ್ತಾರ ಆಯಿ. ಇದನ್ನಾದ್ರ ಬೇಕಾದಂಗ ಬೆಳಕಿಗೆ ಹಿಡೀಬಹುದು" ಅಂದಳು.

ಆ ಕೆಲಸದಲ್ಲಿ ನನ್ನ ಪಾಲೂ ಇತ್ತು. ಹಳೆಯ ಸೀರೆಯ ಬಟ್ಟೆಯಲ್ಲಿ ಮಣ್ಣು ಸೋಸಿ ಕೊಡುವುದು, ರೊಟ್ಟಿ ಹಂಚಿನ ತಳದ ಮಸಿ ಕೆರೆದು ಕೊಡುವುದು. ಡಬ್ಬಿಯಲ್ಲಿ ಬರುವ ಧೂಳಿಗಿಂತ ನನ್ನ ಧೂಳೇ ಛಲೋ ಕೂಡುತ್ತದೆ ಎನ್ನುತ್ತಿದ್ದಳು. "ಮಿಲಿಟರಿಗೆ ಮಗನ್ನ ಕೊಟ್ಟೆ, ಈಗ ಹಂಚಿನ ಮಸೀನೂ ಕೊಡಾಕತ್ತೇನಿ" ಅಂದರೆ ನಗುತ್ತಿದ್ದಳು. ನಾನು ನಗಲೆಂದು ಹೇಳಿದ್ದಲ್ಲ.

ಕೆಲವು ವರ್ಷಗಳ ಹಿಂದೆ ನವರಾತ್ರಿಯ ಹೊತ್ತಿಗೆ ಅವಳಿಗೆ ಒಂದು ಲಾರಿಯ ಕೆಲಸ ಬಂತು. ಬಸವರಾಜ ನಡೆಸುತ್ತಿದ್ದಂಥದೇ ಲಾರಿ. ಅವನು ಲಾರಿಯ ಬಾಗಿಲಿಗೆ ಒರಗಿ ನಿಂತ ಒಂದು ಫೋಟೋ ನಮ್ಮ ಗೋಡೆಯ ಮೇಲಿದೆ. ವಿದ್ಯಾ ಅದನ್ನು ಇಳಿಸಿ ಮುಂದಿಟ್ಟುಕೊಂಡು, ಬಂಪರಿನ ನೆಗ್ಗು, ಬಾಗಿಲಿನ ಗೀರು ಎಲ್ಲವನ್ನೂ ಹಾಗೆಹಾಗೇ ತಂದಳು. ಶಾಂತಾ ನಮ್ಮ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಗೆ ಹೋಗುತ್ತಾಳೆ. ಸಂಜೆ ಬಂದವಳು ಮೇಜಿನ ಮೇಲಿದ್ದುದನ್ನು ನೋಡಿ, "ಬ್ಯಾರೆ ಗಾಡಿ ಯಾವ್ದೂ ಸಿಗಲಿಲ್ಲೇನ ನಿನಗ?" ಅಂದು ಒಳಗೆ ಹೋದಳು.

ಮುಂದಿನ ಗಾಲಿಗಳನ್ನು ವಿದ್ಯಾ ನನ್ನೆದುರಿಗೇ ಅಂಟಿಸಿದಳು, ನೆಟ್ಟಗೆ. ಪುಣೆಯವರು ಹಾಗೇ ಕೇಳಿದ್ದರಂತೆ. "ಹೊರಳೂದಿಲ್ಲೇನ ಇವು?" ಎಂದೆ. "ಇಲ್ಲ ಆಯಿ. ಈ ಅಂಟು ಪ್ಲಾಸ್ಟಿಕ್ ಕರಗಿಸಿ ಎರಡೂ ಒಂದ ಮಾಡಿಬಿಡ್ತೈತಿ. ಇನ್ನ ಹೊರಳಸಾಕ ಹೋದ್ರ ಮುರೀತಾವ ಅಷ್ಟ." ಆ ನೆಟ್ಟಗಿನ ಗಾಲಿಗಳನ್ನು ನೋಡಿ ನನಗೆ ಸಾಹೇಬರ ಮಾತು ನೆನಪಾಯಿತು.

ಖಂಡೇ ಪೂಜೆಯ ಬೆಳಿಗ್ಗೆ ಲಾರಿ ಮುಗಿಯಿತು. ಗಾಲಿಯ ಸಂದಿಗೆಲ್ಲ ನನ್ನ ಮಣ್ಣು ಉದುರಿಸಿ, ಎದುರಿನಿಂದ, ಪಕ್ಕದಿಂದ ಫೋಟೋ ತೆಗೆದಳು. ನಮ್ಮಲ್ಲಿ ಆ ದಿನ ದುಡಿಯುವ ಸಾಮಾನನ್ನೆಲ್ಲ ಪೂಜೆಗೆ ಇಟ್ಟರೆ ಮರುದಿನ ದಸರೆಗೆ ಬನ್ನಿ ಎಲೆ ಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ನಂಬಿಕೆ ಇರಲಿ ಬಿಡಲಿ, ಪದ್ಧತಿಯನ್ನು ನಾನು ಮುರಿದವಳಲ್ಲ. ಮಣೆಯ ಮೇಲೆ ನನ್ನ ತಕ್ಕಡಿ, ಅಡಿಗೆಮನೆಯ ಈಳಿಗೆ, ವಿದ್ಯಾಳ ಚೂರಿ, ಚಿಮಟ, ಕುಂಚಗಳನ್ನು ಇಟ್ಟೆವು. ನಡುವೆ ಲಾರಿ. ಗಾಲಿಗೆ ಲಿಂಬೆಹಣ್ಣು ಇಡಬೇಕಲ್ಲ? ಹಣ್ಣು ತಂದರೆ ಬಾನೆಟ್ಟಿಗಿಂತ ದೊಡ್ಡದು. "ಹಣ್ಣಿನ ಕೆಳಗ ಗಾಡಿ ಇಡೂಣೇನ್ರಿ ಅತ್ತಿ?" ಎಂದು ಶಾಂತಾ ಕೂಡ ನಕ್ಕಳು. ಕಡೆಗೆ ಪಲ್ಯಕ್ಕೆ ನೆನೆಹಾಕಿದ್ದ ಕಡಲೆಯಲ್ಲಿ ಎರಡು ಕಾಳು ತಂದು ಮುಂದಿನ ಗಾಲಿಗಳಿಗೆ ತಾಗಿಸಿ ಇಟ್ಟೆವು. ಲಾರಿಯ ತಲೆಯ ಮೇಲೆ ಚೆಂಡುಹೂವಿನ ಒಂದು ಎಸಳು.

ಮಧ್ಯಾಹ್ನ ಅವರಿಬ್ಬರೂ ಮನೆಯ ಮಾಲೀಕರಿಗೆ ಹೋಳಿಗೆ ಕೊಟ್ಟುಬರಲು ಹೋದರು. ನಾನು ಮಣೆಯ ಎದುರಿಗೇ ಕೂತು, ಓಣಿಯ ಗಾಡಿಗಳಿಗೆ ಕಟ್ಟಲು ಲಿಂಬೆಹಣ್ಣು, ಮೆಣಸಿನಕಾಯಿ ಪೋಣಿಸುತ್ತಿದ್ದೆ. ಬಾಗಿಲು ತೆರೆದಿತ್ತು. ಆಗ ಒಂದು ಸಪ್ಪಳ ಕೇಳಿತು. ಜಲ್ಲಿಕಲ್ಲಿನ ಮೇಲೆ ನಿಂತ ಲಾರಿಯ ಸ್ಟೇರಿಂಗ್ ತಿರುಗಿಸಿದರೆ ಗಾಲಿ ಕರಕರ ಹಲ್ಲು ಕಡಿಯುತ್ತದಲ್ಲ, ಆ ಸಪ್ಪಳ. ಮಾರ್ಕೆಟ್ಟಿನಲ್ಲಿ ಬದುಕಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ನೀರಿನ ಟ್ಯಾಂಕರ್ ಬಂತೇನೋ ಎಂದು ಹೊರಗೆ ನೋಡಿದೆ. ಓಣಿ ಖಾಲಿ. ಒಂದು ನಾಯಿ ನೆರಳಲ್ಲಿ ಕಾಲು ಚಾಚಿ ಮಲಗಿತ್ತು, ಕಿವಿಯನ್ನೂ ಎತ್ತಿರಲಿಲ್ಲ.

ಮುಖ ತಿರುಗಿಸಿದೆ. ಲಾರಿಯ ಎರಡೂ ಮುಂದಿನ ಗಾಲಿಗಳು ಎಡಕ್ಕೆ, ಆ ದಾರಿಯಲ್ಲಿ ಗುಡ್ಡವಿದ್ದ ಕಡೆ, ಹೊರಳಿದ್ದವು. ಅರೆಬರೆ ಅಲ್ಲ, ಹೊರಳುವಷ್ಟೂ ಹೊರಳಿದ್ದವು. ಕಡಲೆಕಾಳು ಇಟ್ಟಲ್ಲೇ ಇದ್ದವು. ಹೂವಿನ ಎಸಳು ಬಿದ್ದಿರಲಿಲ್ಲ. ದೀಪ ಸುಮ್ಮನೆ ಉರಿಯುತ್ತಿತ್ತು.

ಹೆದರಿದೆಯಾ ಎಂದು ಆಮೇಲೆ ವಿದ್ಯಾ ಕೇಳಿದಳು. ಇಲ್ಲ. ಸಿಟ್ಟು ಬಂತು. ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಕೇಳಬೇಕೆನಿಸಿತು. ಯಾರನ್ನು ಕೇಳುವುದು?

ಅವರು ಬಂದರು. ವಿದ್ಯಾ ಮಣೆಯ ಮುಂದೆ ಕೂತವಳು ಕೂತೇ ಬಿಟ್ಟಳು. ಶಾಂತಾ ಬಗ್ಗಿ ನೋಡಿ, "ನಿಮಗ ನಿದ್ದಿ ಹತ್ತಿರಬೇಕ್ರಿ ಅತ್ತಿ. ಬೆಕ್ಕು ಬಂದು ಎಳದಾಡಿರಬೇಕು" ಅಂದಳು.

"ಅವಗೂ ನಿದ್ದಿ ಹತ್ತಿತ್ತಂದ್ರು, ನೀ ಸುಮ್ನಿದ್ದಿ. ಈಗ ನನಗೂ ನಿದ್ದಿ ಹತ್ತಿತ್ತಂತಿ. ಈ ಮನ್ಯಾಗ ಎಚ್ಚರ ಇದ್ದಾಕಿ ನೀ ಒಬ್ಬಾಕೀನ ಏನು?" ಎಂದೆ. ಅವಳು ಗಾಲಿಯನ್ನು ಸರಿಮಾಡಲು ಕೈಚಾಚಿದಳು. ಕೈ ಹಿಡಿದೆ. ಬನ್ನಿ ಕೊಡುವವರೆಗೆ ಮುಟ್ಟುವಂತಿಲ್ಲ. ಆ ರಾತ್ರಿ ಮೂವರೂ ಅದೇ ಕೋಣೆಯಲ್ಲಿ ಮಲಗಿದೆವು. ಯಾರೂ ನಿದ್ದೆಯ ಮಾತೆತ್ತಲಿಲ್ಲ.

ಮರುದಿನ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದುಕೊಂಡ ಮೇಲೆ, ವಿದ್ಯಾ ಭೂತಗನ್ನಡಿ ಹಿಡಿದು ನೋಡಿದಳು. ಅಂಟು ಬಿಟ್ಟಿರಲಿಲ್ಲ. ಬಣ್ಣ ಬಿರಿದಿರಲಿಲ್ಲ. ಸಂದಿಗೆ ಉದುರಿಸಿದ ಮಣ್ಣು ಕೂಡ ಬಿರುಕಿಲ್ಲದೆ ಕೂತಿತ್ತು, ಮೊದಲಿನಿಂದ ಹಾಗೇ ಹೊರಳಿಸಿ ಅಂಟಿಸಿದಂತೆ. ಹಿಂದಿನ ಬೆಳಿಗ್ಗೆಯ ಫೋಟೋದಲ್ಲಿ ಗಾಲಿಗಳು ನೆಟ್ಟಗೇ ಇದ್ದವು.

"ನನ್ನ ಸಮಾಧಾನಕ್ಕ ನೀನ ಏನರ ಮಾಡಿದೇನು? ಖರೇ ಹೇಳು" ಎಂದು ಕೇಳಿದೆ.

"ಆಯಿ, ಇದನ್ನ ಮುರೀದಂಗ ಹೊರಳಸೂದು ನನ್ನ ಕೈಲೆ ಆಗೂ ಮಾತಲ್ಲ. ಹಂಗ ಮಾಡಾಕ ಬಂದಿದ್ರ ಇದಕಿಂತ ಛಲೋ ದುಡೀತಿದ್ದೆ" ಅಂದಳು. ಆ ಹುಡುಗಿ ಬೈಸಿಕೊಂಡಾಳು, ಸುಳ್ಳು ಹೇಳಲಾರಳು.

ಎರಡೂ ನಮೂನೆಯ ಫೋಟೋಗಳನ್ನು ಪುಣೆಗೆ ಕಳಿಸಿದಳು. ಅಲ್ಲಿಯವನು ಫೋನ್ ಮಾಡಿ, ಎರಡನೆಯದೇ ಬೇಕು, ಅದರಲ್ಲಿ ಒಳಗೆ ಯಾರೋ ಕೂತಂತಿದೆ ಎಂದನಂತೆ. ವಿದ್ಯಾ ಹೂಂ ಎಂದು ಫೋನ್ ಇಟ್ಟಳು.

ಆ ಲಾರಿಯನ್ನು ಅಂಗೈಯಲ್ಲಿ ಹಿಡಿದು ಹೋಗಿ ಸಾಹೇಬರಿಗೆ ತೋರಿಸಬೇಕೆನಿಸಿತು. ಆದರೆ ಎಲ್ಲಿರುತ್ತಾರೆ ಅವರು? ಸಿಕ್ಕರೂ, ಆಟಿಕೆ ಸಾಮಾನು ಹಿಡಿದು ಬಂದ ಮುದುಕಿಗೆ ಮತ್ತೆ ಒಂದು ಸಲ ತಲೆಯಲ್ಲಾಡಿಸುತ್ತಾರೆ, ಅಷ್ಟೆ. ಅವರಿಗೆ ತೋರಿಸಲಾಗದ್ದನ್ನು ಮನೆಯಲ್ಲಾದರೂ ತೋರಿಸೋಣವೆಂದು ಶಾಂತಾಳ ಮುಂದೆ ಹೋಗಿ ನಿಂತೆ. ಅವಳು ಬಟ್ಟೆ ಮಡಚುತ್ತಿದ್ದಳು. "ನೋಡಿದೇನ? ನನ್ನ ಮಗ ಎಚ್ಚರ ಇದ್ದ" ಎಂದೆ.

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. "ಎಚ್ಚರ ಇದ್ರು ಅಂದ್ರ ಎಲ್ಲಾ ನೋಡ್ಯಾರ್ರಿ ಅತ್ತಿ. ತಳಾ ಮುಟ್ಟೂತನಕ ನೋಡ್ಯಾರ. ಅವರಿಗೆ ನಿದ್ದಿ ಹತ್ತಿತ್ತು ಅಂತ ತಿಳಕೊಂಡ ನಾ ಇಷ್ಟು ವರ್ಷ ನಿದ್ದಿ ಮಾಡೇನಿ."

ದುರ್ಗದಬೈಲಿನಲ್ಲಿ ನನ್ನ ಬಾಯಿಗೆ ಎದುರು ಬಾಯಿ ಇರಲಿಲ್ಲ. ಆ ದಿನ ಲಾರಿ ಹಿಡಿದುಕೊಂಡು ಹೊರಕೋಣೆಗೆ ಮರಳಿದೆ.

ಮುಂದೆ ಆ ಆಟ ಬಂತು. ವಿದ್ಯಾ ಕಂಪ್ಯೂಟರಿನಲ್ಲಿ ತೋರಿಸಿದಳು. ಹಿಮದ ಗುಡ್ಡದ ದಾರಿಯಲ್ಲಿ ಅದೇ ಲಾರಿ ನಿಂತಿದೆ. ಅದೇ ನೆಗ್ಗು, ಅದೇ ಗೀರು, ಗುಡ್ಡದ ಕಡೆ ಹೊರಳಿದ ಅದೇ ಗಾಲಿ. ನನ್ನ ಹಂಚಿನ ಮಸಿಯೂ ಇದೆ. ಆಡುವವರು ಗುಂಡು ಹೊಡೆದರೆ ಭಗ್ಗನೆ ಉರಿಯುತ್ತದೆ. ಮತ್ತೆ ಆಟ ಶುರುಮಾಡಿದರೆ ಮತ್ತೆ ಅಲ್ಲೇ ಬಂದು ನಿಂತಿರುತ್ತದೆ.

"ಎಷ್ಟೋ ಮಂದಿ ನೋಡ್ತಾರ ಆಯಿ" ಅಂದಳು ವಿದ್ಯಾ.

"ನೋಡೂದಿಲ್ಲ ಯವ್ವಾ, ಸುಡ್ತಾರ. ಬಂದ್ ಮಾಡ ಅದನ್ನ" ಎಂದೆ.

ಲಾರಿ ಈಗ ಹೊರಕೋಣೆಯ ಮಾಡದಲ್ಲಿ, ಗೋಡೆಯ ಗೂಡಿನಲ್ಲಿ, ಇದೆ. ದೀಪದ ಕಾವಿಗೆ ಪ್ಲಾಸ್ಟಿಕ್ ಬಾಗಿತೆಂದು ಕೆಲವರು ಹೇಳಿದರು. ದೀಪ ಇದ್ದದ್ದು ಹಿಂದಿನ ಗಾಲಿಯ ಕಡೆ, ಅದು ಬಾಗಲಿಲ್ಲ. ಬೆಕ್ಕು ಎಂದರು. ಹೂವಿನ ಎಸಳು ಬೀಳಿಸದ ಬೆಕ್ಕನ್ನು ನಾನು ಕಂಡಿಲ್ಲ. ಹಾಗಂತ ಮಗನೇ ಬಂದಿದ್ದ ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಧೂಳು ಒರೆಸುವಾಗ ದಿನಾ ಗಾಲಿ ನೋಡುತ್ತೇನೆ. ಹೊರಳಿಯೇ ಇವೆ. ಕೆಲವು ದಿನ ಹಾಗೇ ಇರಲಿ ಎನಿಸುತ್ತದೆ. ಮತ್ತೆ ಕೆಲವು ದಿನ, ಶಾಂತಾ ಕೆಲಸದಿಂದ ಬಂದು ಆ ಮಾಡಕ್ಕೆ ಬೆನ್ನು ಮಾಡಿ ಕೂತು ಉಣ್ಣುವಾಗ, ನೆಟ್ಟಗಾಗಿಬಿಡಲಿ ಎನಿಸುತ್ತದೆ.